ಒಂದೇ ತಲೆ ತಿರುಗುವ ಹೆಸರು

"ಮಗುವಿನ ಹೆಸರಿನ ವಿಷಯ ನನಗೆ ಬಿಡಿ!" ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ತ್ರಾಣ ಯಾರಿಗೂ ಇರಲಿಲ್ಲ. ಮೊಮ್ಮಗಳು ಹುಟ್ಟಿ ಹದಿನಾರು ದಿನವಾಗಿತ್ತು. ಆ ಹದಿನಾರು ದಿನಗಳಲ್ಲಿ ನಮ್ಮ ಮನೆಯಲ್ಲಿ ನೆಟ್ಟಗೆ ನಿದ್ದೆ ಮಾಡಿದ್ದು ಅವಳೊಬ್ಬಳೇ. ಅದೂ ನಮಗೆ ಅನುಕೂಲವಿಲ್ಲದ ಹೊತ್ತಿನಲ್ಲಿ. ಲಿಫ್ಟ್ ರಿಪೇರಿ ಮಾಡುವ ನನ್ನ ಮಗ ಕಪಾಟಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದ. ಸೊಸೆ ಚಹಾದ ಲೋಟಕ್ಕೆ ಮಗುವಿನ ಮೈಗೆ ಹಚ್ಚುವ ಪೌಡರ್ ಹಾಕಿ ಕಲಕುತ್ತಿದ್ದಳು. ನಾನು ಅದನ್ನು ನೋಡಿದೆ. ತಡೆಯುವಷ್ಟು ಶಕ್ತಿ ಇರಲಿಲ್ಲ.

ಕೊಚ್ಚಿಕೊಳ್ಳುವಷ್ಟು ಮಾತ್ರ ಇತ್ತು.

"ಮೂವತ್ತೆರಡು ವರ್ಷ ನಿಘಂಟಿನ ಕಚೇರಿಯಲ್ಲಿ ಕೂತು ಲಕ್ಷಾಂತರ ಪದಗಳ ಜಾತಕ ಬರೆದವಳು ನಾನು. ಎಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಬೆಳೆಯಿತು, ಯಾವಾಗ ಸತ್ತಿತು, ಎಲ್ಲ ನನ್ನ ಬೆರಳ ತುದಿಯಲ್ಲಿ. ನನ್ನ ಮೊಮ್ಮಗಳಿಗೆ ಒಂದು ಹೆಸರು ಹುಡುಕೋದು ಎಷ್ಟರ ಕೆಲಸ? ಒಂದು ವಾರ ಕೊಡಿ!"

"ನಿಘಂಟಿಗೂ ಹೀಗೇ ಅಂದಿದ್ದೆ. ಆರು ವರ್ಷ ತಡವಾಯ್ತು," ಎಂದರು ನಮ್ಮವರು. ನಮ್ಮವರು ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಆಯುಷ್ಯವೆಲ್ಲ ಸರಪಳಿ ಹಿಡಿದು ಅಳೆದ ಅಭ್ಯಾಸ. ಮಾತನ್ನೂ ಅಳೆದೇ ಆಡುತ್ತಾರೆ, ಅಳತೆ ತಪ್ಪುವುದಿಲ್ಲ.

ಸೊಸೆ ಚಹಾ ಒಂದು ಗುಟುಕು ಕುಡಿದು, ಮುಖ ಕಿವುಚದೆ, ತನ್ನ ಷರತ್ತು ಹೇಳಿದಳು.

"ಅತ್ತೆ, ಅರ್ಥ ಏನೇ ಇರಲಿ, ಉದ್ದ ಇರಲಿ, ಗಿಡ್ಡ ಇರಲಿ, ನನಗೆ ಬೇಕಾದ್ದು ಒಂದೇ. ಕರೆದ್ರೆ ಒಂದೇ ತಲೆ ತಿರುಗಬೇಕು."

ಅವಳ ಕಷ್ಟ ನಮಗೆಲ್ಲ ಗೊತ್ತಿತ್ತು. ಅವಳು ಹುಟ್ಟಿದ ವರ್ಷ ಯಾವ ಗಾಳಿ ಬೀಸಿತ್ತೋ, ಊರಿನ ಹೆಣ್ಣುಮಕ್ಕಳಿಗೆಲ್ಲ ಒಂದೇ ಹೆಸರು. ಶಾಲೆಯಲ್ಲಿ ಅವಳ ತರಗತಿಯಲ್ಲೇ ಐವರು. ಮೇಷ್ಟರು ಹಾಜರಿ ಕೂಗುವಾಗ ಹೆಸರಿನ ಗೊಡವೆ ಬಿಟ್ಟು "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದರು. ಇವಳು ನಾಲ್ಕು. ಗೆಳತಿಯರಿಗೂ ನಾಲ್ಕು, ಗೆಳತಿಯರ ಅಮ್ಮಂದಿರಿಗೂ ನಾಲ್ಕು. ಅವಳ ಅಂಕಪಟ್ಟಿ ಎರಡನೆಯವಳ ಮನೆಗೆ ಹೋಯಿತು; ಐದನೆಯವಳ ಕನ್ನಡಕ ಇವಳ ಮೂಗಿಗೆ ಬಂತು. ಈಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅಲ್ಲೂ ಅದೇ ಹೆಸರಿನವರು ಮೂವರು. ನನ್ನ ಮಗ ಆ ಆಸ್ಪತ್ರೆಯ ಲಿಫ್ಟ್ ಸರಿಮಾಡಲು ಹೋಗಿ ಇವಳನ್ನು ಮೆಚ್ಚಿ, ಧೈರ್ಯ ಮಾಡಿ ಒಂದು ಪತ್ರ ಬರೆದು ಕಳಿಸಿದ್ದ. ಅದು ರಕ್ತಪರೀಕ್ಷೆ ವಿಭಾಗದ ಅದೇ ಹೆಸರಿನ ಹುಡುಗಿಯ ಕೈಸೇರಿತು. ಅವಳು ಒಪ್ಪಿಯೂಬಿಟ್ಟಿದ್ದಳು! ಆ ಗಂಟು ಬಿಚ್ಚಲು ಎರಡು ತಿಂಗಳು ಹಿಡಿಯಿತು.

"ನನ್ನ ಮಗಳು ನಾಲ್ಕು ಆಗ್ಬಾರ್ದು ಅತ್ತೆ. ಎರಡೂ ಆಗ್ಬಾರ್ದು," ಎಂದಳು ಸೊಸೆ. ಇಷ್ಟು ವರ್ಷದಲ್ಲಿ ಅವಳು ನನ್ನ ಬಳಿ ಕೇಳಿದ್ದು ಅದೊಂದೇ. ಉಳಿದದ್ದನ್ನೆಲ್ಲ ಕೇಳದೆಯೇ ಮಾಡುತ್ತಾಳೆ.

"ಮಾತು ಕೊಟ್ಟೆ," ಎಂದೆ ನಾನು.

ಹೆಸರು ಸಿಕ್ಕಿದ್ದು ನಾಲ್ಕೇ ದಿನದಲ್ಲಿ. ಅದನ್ನು ಹೇಗೆ ಹುಡುಕಿದೆನೆಂದು ಹೇಳಬೇಕಾದರೆ ನಮ್ಮ ಕಚೇರಿಯ ಒಂದು ಕಟ್ಟುನಿಟ್ಟನ್ನು ಹೇಳಬೇಕು. ಯಾವ ಪದವೇ ಆಗಲಿ, ಮೂರು ಬೇರೆ ಬೇರೆ ಕಡೆ ಬಳಕೆಯಾದದ್ದಕ್ಕೆ ಸಾಕ್ಷ್ಯ ಸಿಗದ ಹೊರತು ನಮ್ಮ ನಿಘಂಟಿಗೆ ಪ್ರವೇಶವಿಲ್ಲ. ಮೂರು ಸಾಕ್ಷ್ಯ, ಮೂರು ಚೀಟಿ. ಎರಡೇ ಚೀಟಿ ಇದ್ದರೆ ಆ ಪದ ಎಷ್ಟೇ ಚೆಲುವಾಗಿರಲಿ, ಬಾಗಿಲಾಚೆ ನಿಲ್ಲಬೇಕು. ಹಾಗೆ ತಿರಸ್ಕೃತವಾದ ಚೀಟಿಗಳನ್ನು ಎಸೆಯಲು ಮನಸ್ಸಾಗದೆ ನಾನು ನಿವೃತ್ತಿಯ ದಿನ ಎರಡು ಬೂಟಿನ ಡಬ್ಬಿಗಳಲ್ಲಿ ಮನೆಗೆ ತಂದಿದ್ದೆ. ಎರಡನೆಯ ಡಬ್ಬಿಯ ತಳದಲ್ಲಿ ಆ ಚೀಟಿ ಇತ್ತು. ನನಗಿಂತ ಹಿಂದಿನವರು ಯಾರೋ ಪೆನ್ಸಿಲಿನಲ್ಲಿ ಬರೆದದ್ದು: "ಹೆಣ್ಣಿನ ಹೆಸರು. ಮೂಲ: ದೋಣಿ ನಡೆಸುವವರ ಮಾತು. ಅರ್ಥ: ದೋಣಿ ಸಾಗಿದ ಮೇಲೆ ನೀರಿನಲ್ಲಿ ತುಸು ಹೊತ್ತು ಉಳಿಯುವ ಬೆಳಕಿನ ಗೆರೆ. ಒಬ್ಬಳೇ ಒಬ್ಬಳು ಹೆಂಗಸಿಗೆ ಈ ಹೆಸರಿತ್ತು." ಅದರಡಿ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: "ಸಾಕ್ಷ್ಯ ಸಾಲದು."

ಆ ಹೆಸರು ಏನೆಂದು ಇಲ್ಲಿ ಬರೆಯುವುದಿಲ್ಲ. ಇನ್ನೆಂದೂ ಅದನ್ನು ಎಲ್ಲೂ ಅಚ್ಚು ಮಾಡಿಸುವುದಿಲ್ಲವೆಂದು ಮನೆಯಲ್ಲಿ ಬರೆದುಕೊಟ್ಟಿದ್ದೇನೆ. ಕಾರಣ ನಿಮಗೇ ಗೊತ್ತಾಗುತ್ತದೆ.

ಸೊಸೆಗೆ ಓದಿ ಹೇಳಿದೆ. ಅವಳು ಒಂದು ಸಲ ಮೆಲ್ಲಗೆ ಅಂದು ನೋಡಿದಳು. ಇನ್ನೊಂದು ಸಲ ಅಂದಳು. ಆಮೇಲೆ ತೊಟ್ಟಿಲಿನ ಕಡೆ ನೋಡಿ ಅಂದಳು. ಇಪ್ಪತ್ತು ದಿನಗಳಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ರಕ್ತ ಕಾಣಿಸಿತು.

"ಇದೇ ಅತ್ತೆ! ಇವತ್ತೇ ಹೋಗಿ ನೋಂದಾಯಿಸಿ ಬರೋಣ."

ಅಲ್ಲಿಗೆ ಮುಗಿಯಬೇಕಿತ್ತು. ನೋಂದಣಿ ಕಚೇರಿ ಎರಡು ಬೀದಿ ಆಚೆ. ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರೆ ನಾನಿಂದು ಈ ಬರಹ ಬರೆಯುವ ಅಗತ್ಯವೇ ಇರಲಿಲ್ಲ! ಆದರೆ ನನ್ನೊಳಗಿನ ಸಂಪಾದಕಿ ಕೈ ಅಡ್ಡ ಹಿಡಿದಳು.

"ಹಾಗೆಲ್ಲ ಪರಿಶೀಲನೆ ಇಲ್ಲದೆ ಆಗಲ್ಲ. ಚೀಟಿ ಬರೆದು ಎಷ್ಟೋ ವರ್ಷವಾಯ್ತು. ಈಗ ಈ ಹೆಸರು ಎಲ್ಲಾದ್ರೂ ಇದೆಯೋ ಇಲ್ಲವೋ ನೋಡ್ಬೇಡ್ವಾ? ನೋಂದಣಿಗೆ ತೊಂಬತ್ತು ದಿನ ಅವಕಾಶ ಇದೆ. ಆತುರ ಯಾಕೆ?"

"ಅಮ್ಮಾ, ನಂಗಂತೂ ಆತುರ ಇದೆ," ಎಂದ ಮಗ, ಕಣ್ಣು ಮುಚ್ಚಿಕೊಂಡೇ. "ಅದು ಅಳುವಾಗ ಏನಂತ ಕರೀಬೇಕೋ ಗೊತ್ತಾಗಲ್ಲ."

"ಸುಮ್ನಿರೋ," ಎಂದು ನಾನು ಕೆಲಸಕ್ಕೆ ಕೂತೆ.

ನಮ್ಮ ಕಚೇರಿಯಲ್ಲಿ ಅನುಮಾನದ ಪದಗಳಿಗೆ ಒಂದು ವಿಧಾನವಿತ್ತು. ವಿಚಾರಣೆಯ ಕಾರ್ಡು ಅಚ್ಚು ಮಾಡಿಸಿ ಊರೂರಿಗೆ ಕಳಿಸುತ್ತಿದ್ದೆವು: ಈ ಪದ ಕೇಳಿದ್ದೀರಾ, ಯಾರ ಬಾಯಲ್ಲಿ, ಯಾವ ಅರ್ಥದಲ್ಲಿ? ಅರ್ಧ ಭಾಗ ಹರಿದು ಉತ್ತರ ಬರೆದು ವಾಪಸ್ ಕಳಿಸಬೇಕು. ನಾನೂ ಹಾಗೇ ಇನ್ನೂರು ಕಾರ್ಡು ಮಾಡಿಸಿದೆ. ದಪ್ಪಕ್ಷರದಲ್ಲಿ ಹೆಸರು. ಕೆಳಗೆ ಅದರ ಹುಟ್ಟು. ಅದರ ಕೆಳಗೆ ಬೆಳಕಿನ ಗೆರೆಯ ಅರ್ಥ. ಉಚ್ಚಾರಣೆಯಲ್ಲಿ ಎಲ್ಲಿ ಒತ್ತು ಕೊಡಬೇಕೆಂಬ ಸೂಚನೆ. ಕೊನೆಗೆ ಒಂದು ವಾಕ್ಯ: "ಇದು ಅತ್ಯಂತ ಅಪರೂಪದ ಹೆಸರು, ಸದ್ಯಕ್ಕೆ ಯಾರಿಗೂ ಇಲ್ಲವೆಂದು ನಂಬಲಾಗಿದೆ. ಇದ್ದರೆ ತಿಳಿಸಿ." ವಿದ್ವತ್ತಿನ ದೃಷ್ಟಿಯಿಂದ ಆ ಕಾರ್ಡಿನಲ್ಲಿ ಈಗಲೂ ನನಗೆ ಒಂದು ತಪ್ಪು ಕಾಣುವುದಿಲ್ಲ!

ಯಾರಿಗೆ ಕಳಿಸುವುದು? ಇಲ್ಲೂ ನಾನು ವೈಜ್ಞಾನಿಕವಾಗಿಯೇ ಯೋಚಿಸಿದೆ. ಹೆಣ್ಣುಮಕ್ಕಳ ಹೆಸರುಗಳ ಬಗ್ಗೆ ಹೆಚ್ಚು ಗೊತ್ತಿರುವುದು ಯಾರಿಗೆ? ಹೆರಿಗೆ ವಾರ್ಡುಗಳಿಗೆ, ಶಿಶು ಚಿಕಿತ್ಸಾಲಯಗಳಿಗೆ, ಬಸುರಿಯರಿಗೆ ವ್ಯಾಯಾಮ ಹೇಳಿಕೊಡುವ ಕೇಂದ್ರಗಳಿಗೆ, ಮಕ್ಕಳ ಬಟ್ಟೆ ಅಂಗಡಿಗಳಿಗೆ. ವಿಳಾಸಗಳನ್ನೆಲ್ಲ ನಾನೇ ಕೈಯಾರೆ ಬರೆದೆ. ಅಂಚೆಚೀಟಿ ಅಂಟಿಸಲು ನಮ್ಮವರನ್ನು ಕೂರಿಸಿದೆ.

ಅವರು ಎಪ್ಪತ್ತು ಕಾರ್ಡು ಅಂಟಿಸುವವರೆಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಕೈಯಲ್ಲಿದ್ದ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲಿ ನೋಡು," ಎಂದರು.

ಇದು ನನ್ನನ್ನು ಕರೆಯುವ ಅವರ ಕ್ರಮ. ಮದುವೆಯಾಗಿ ನಲವತ್ತನಾಲ್ಕು ವರ್ಷವಾಯಿತು. ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಮೊದಮೊದಲು ಸಂಕೋಚ, ಆಮೇಲೆ ಅಭ್ಯಾಸ.

"ಏನು?"

"ಹೆಸರಿಲ್ಲದ ಮಕ್ಕಳು ಇರೋ ಕಡೆಗೇ ಹೆಸರು ಕಳಿಸ್ತಿದ್ದೀಯ."

"ನಾನು ಕಳಿಸ್ತಿರೋದು ಪ್ರಶ್ನೆ ರೀ! ಹೆಸರಲ್ಲ."

"ಸರಿ," ಎಂದು ಅವರು ಎಪ್ಪತ್ತೊಂದನೆಯದಕ್ಕೆ ಅಂಟು ಹಚ್ಚಿದರು. ನನ್ನ ಜೊತೆ ವಾದ ಬೇಡವೆನಿಸಿದಾಗಲೆಲ್ಲ ಅವರು "ಸರಿ" ಎನ್ನುತ್ತಾರೆ. ಆ ಪದದ ಈ ಅರ್ಥವನ್ನು ನಿಘಂಟಿಗೆ ಸೇರಿಸಬೇಕಿತ್ತು.

ಉತ್ತರಗಳು ಬರತೊಡಗಿದವು. ಮಗು ಅಳುತ್ತಿರುವಾಗ ಅಂಚೆಯವನು ಗಂಟೆ ಬಾರಿಸುವುದು, ಅಂಚೆಯವನ ಗಂಟೆಗೆ ಮಲಗಿದ ಮಗು ಎದ್ದು ಅಳುವುದು, ಹೀಗೆ ಎರಡು ಕಡೆಯಿಂದಲೂ ಸೇವೆ ನಡೆಯಿತು. ಆರು ವಾರ ಕಳೆಯುವಷ್ಟರಲ್ಲಿ ನೂರ ಅರವತ್ತಮೂರು ಕಾರ್ಡುಗಳು ಮರಳಿದವು. ಅಷ್ಟರಲ್ಲೂ ಒಂದೇ ಉತ್ತರ: "ಕೇಳಿಲ್ಲ." ಕೆಲವರು "ತುಂಬಾ ಚೆನ್ನಾಗಿದೆ" ಎಂದೂ ಸೇರಿಸಿದ್ದರು. ಒಬ್ಬ ನರ್ಸ್ "ಇನ್ನೂ ಹತ್ತು ಕಾರ್ಡು ಕಳಿಸಿ, ಇಲ್ಲಿ ತುಂಬಾ ಜನ ಕೇಳ್ತಿದ್ದಾರೆ" ಎಂದು ಬರೆದಿದ್ದಳು. ಸಂಶೋಧನೆಗೆ ಜನ ಇಷ್ಟು ಸಹಕರಿಸುವುದನ್ನು ನನ್ನ ವೃತ್ತಿಜೀವನದಲ್ಲೇ ಕಂಡಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಇನ್ನೂ ಐವತ್ತು ಅಚ್ಚು ಮಾಡಿಸಿ, ಹತ್ತರ ಬದಲು ಇಪ್ಪತ್ತು ಕಳಿಸಿದೆ!

ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಗುಡ್ಡೆ ಹಾಕಿ ತೀರ್ಪು ಕೊಟ್ಟೆ. "ನೂರ ಅರವತ್ತಮೂರು ಕಡೆ ವಿಚಾರಿಸಿದ್ದೇನೆ. ಒಬ್ಬರೂ ಈ ಹೆಸರು ಕೇಳಿಲ್ಲ!"

"ಈಗ ಕೇಳಿದ್ದಾರೆ," ಎಂದರು ನಮ್ಮವರು.

ಅವರ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. "ಉಳಿದ ಮೂವತ್ತೇಳು ಬಂದುಬಿಡಲಿ," ಎಂದು ಮತ್ತೂ ಒಂದು ವಾರ ದೂಡಿದೆ.

ಹತ್ತನೆಯ ವಾರ ಮಗುವಿಗೆ ಲಸಿಕೆ ಹಾಕಿಸಬೇಕಿತ್ತು. ಬೆಳಗ್ಗೆಯೇ ಸೊಸೆ, ನಾನು, ಮಗು ಮೂವರೂ ಶಿಶು ಚಿಕಿತ್ಸಾಲಯಕ್ಕೆ ಹೋದೆವು. ಕಿಟಕಿಯ ಬಳಿ ಕೂತಿದ್ದಾಕೆ "ಮಗುವಿನ ಹೆಸರು?" ಎಂದಳು. ಸೊಸೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದು ಅಕ್ಷರವನ್ನೂ ಚಪ್ಪರಿಸಿ ಹೇಳಿದಳು. ನನಗೂ ಒಳಗೊಳಗೇ ಹೆಮ್ಮೆ, ಆಕೆ "ಹೇಗೆ ಬರೆಯೋದು?" ಎಂದು ಕೇಳುತ್ತಾಳೆ, ನಾನು ವಿವರಿಸುತ್ತೇನೆ ಎಂದು ಗಂಟಲು ಸರಿಮಾಡಿಕೊಂಡು ನಿಂತೆ. ಆಕೆ ಕೇಳಲಿಲ್ಲ. ತಲೆಯೆತ್ತದೆ ಬರೆದುಕೊಂಡಳು. ಒಂದಕ್ಷರ ತಪ್ಪಿಲ್ಲ!

ಒಳಗೆ ಬೆಂಚುಗಳ ತುಂಬ ತಾಯಂದಿರು. ಪಕ್ಕದಲ್ಲಿ ಕೂತಿದ್ದ ಹುಡುಗಿ, ಗುಲಾಬಿ ಬಣ್ಣದ ಹೊದಿಕೆಯಲ್ಲಿ ಮಗುವನ್ನು ಸುತ್ತಿಕೊಂಡಿದ್ದವಳು, ನನ್ನೊಡನೆ ಮಾತಿಗಿಳಿದಳು.

"ನಮ್ಮ ಪಾಪುಗೆ ತುಂಬಾ ಅಪರೂಪದ ಹೆಸರಿಟ್ಟಿದ್ದೀವಿ ಅಜ್ಜಿ. ಒಬ್ಬಳು ಮಹಾರಾಣಿ ಹೆಸರಂತೆ. ದೋಣೀಲಿ ಹೋಗ್ತಾ ನೀರಿಗೆ ದೀಪ ಬಿಟ್ಟಳಂತೆ, ಆ ದೀಪ ಆರಲೇ ಇಲ್ವಂತೆ."

"ಯಾರು ಹೇಳಿದ್ದು?" ಎಂದೆ.

"ಯಾರೋ ದೊಡ್ಡ ಪಂಡಿತೆ ಇದಾರಂತೆ. ಇಡೀ ಆಯುಷ್ಯ ಈ ಹೆಸರಿನ ಮೇಲೇ ಸಂಶೋಧನೆ ಮಾಡಿದಾರಂತೆ. ಪಾಪ, ಈಗ ತೀರಿಕೊಂಡರಂತೆ."

ಮಹಾರಾಣಿ ಎಲ್ಲಿಂದ ಬಂದಳೆಂದು ಕೇಳಬೇಕೆಂದಿದ್ದೆ. ಸತ್ತವಳಿಗೆ ಆ ಹಕ್ಕು ಎಲ್ಲಿದೆ?

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಹೆಸರು ಕೂಗಿದಳು. ನಮ್ಮ ಹೆಸರು. ದೋಣಿಯವರ ಹೆಸರು. ಇಡೀ ಲೋಕದಲ್ಲಿ ಒಬ್ಬಳೇ ಒಬ್ಬಳು ಹೆಂಗಸಿಗಿದ್ದ ಹೆಸರು! ನಮ್ಮ ಸೊಸೆ ಎದ್ದಳು. ಗುಲಾಬಿ ಹೊದಿಕೆಯವಳು ಎದ್ದಳು. ಎದುರು ಬೆಂಚಿನಿಂದ ಒಬ್ಬಳು, ಬಾಗಿಲ ಬಳಿಯಿಂದ ಇನ್ನೊಬ್ಬಳು. ನಾಲ್ವರು ತಾಯಂದಿರು ನಾಲ್ಕು ಮಕ್ಕಳನ್ನು ಎತ್ತಿಕೊಂಡು ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ಎಲ್ರೂ ಒಟ್ಟಿಗೆ ಬಂದ್ರೆ ನಾನೇನು ಮಾಡ್ಲಿ?" ಎಂದಳು ನರ್ಸ್, ಬೇಸತ್ತ ದನಿಯಲ್ಲಿ. "ಮೊನ್ನೆಯಿಂದ ಇದೇ ಗೋಳು. ಚೀಟಿ ಮೇಲೆ ನಂಬರ್ ಬರೆದಿದೀನಿ, ನೋಡ್ಕೊಳ್ಳಿ. ನಿಮ್ಮದು ಒಂದು. ನಿಮ್ಮದು ಎರಡು. ನೀವು ಮೂರು." ಆಮೇಲೆ ನಮ್ಮ ಸೊಸೆಯ ಕೈಯಲ್ಲಿದ್ದ ಚೀಟಿ ಬಗ್ಗಿ ನೋಡಿದಳು. "ನಾಲ್ಕು."

ಸೊಸೆ ಕೂತಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಮಗು ತೊಡೆಗೆ ಸೂಜಿ ಚುಚ್ಚಿದ್ದಕ್ಕೆ ಅಳುತ್ತಿತ್ತು. ಅದು ನಮ್ಮಿಬ್ಬರ ಪರವಾಗಿಯೂ ಅಳುತ್ತಿದೆ ಎನ್ನಿಸಿತು.

ಮನೆಗೆ ಬಂದು ಕೂತ ಹತ್ತು ನಿಮಿಷಕ್ಕೆ ಫೋನ್ ಬಂತು. ನಿಘಂಟಿನ ಕಚೇರಿಯ ಈಗಿನ ಸಂಪಾದಕ, ನನ್ನ ಕೈಕೆಳಗೆ ಚೀಟಿ ಬರೆಯಲು ಕಲಿತವನು.

"ಮೇಡಂ, ಶುಭ ಸಮಾಚಾರ! ನೀವು ಹಿಂದೆ ಸಾಕ್ಷ್ಯ ಸಾಲದು ಅಂತ ಬಿಟ್ಟಿದ್ದ ಆ ಹೆಸರು ಇದೆಯಲ್ಲ? ಈಗ ಧಾರಾಳವಾಗಿ ಬಳಕೆಯಲ್ಲಿದೆ. ಹದಿನೇಳು ಸಾಕ್ಷ್ಯ ಸಿಕ್ಕಿವೆ. ಹೊಸ ಆವೃತ್ತಿಗೆ ಸೇರಿಸ್ತಿದ್ದೀವಿ. 'ಜನಪ್ರಿಯ ಹೆಸರು' ಅಂತ ಹಾಕಿದೀನಿ, ಸರಿ ಅಲ್ವಾ?"

"ಸರಿ," ಎಂದೆ. ನಮ್ಮವರ ಅರ್ಥದಲ್ಲಿ.

ಮೂವತ್ತೆರಡು ವರ್ಷ ಪದಗಳನ್ನು ದಾಖಲಿಸಿದವಳು ನಾನು. ಒಂದೇ ಒಂದು ಪದವನ್ನು ಬಳಕೆಗೆ ತಂದದ್ದು ಇದೇ ಮೊದಲು. ಬೇರೆ ಯಾರಾದರೂ ಆಗಿದ್ದರೆ ಸಂಭ್ರಮಿಸುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಸೊಸೆಯ ಮುಂದೆ ನಿಂತೆ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಪದ ಗೊತ್ತು, ಪ್ರಯೋಗ ಗೊತ್ತಿಲ್ಲ.

"ಇನ್ನೂ ಇಪ್ಪತ್ತು ದಿನ ಇದೆ. ಬೇರೆ ಹುಡುಕ್ತೀನಿ. ಡಬ್ಬಿಯಲ್ಲಿ ಇನ್ನೂ..."

"ಬೇಡ ಅತ್ತೆ." ಅವಳು ಬಾಟಲಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನೀವು ಯಾರನ್ನೂ ಏನೂ ಕೇಳ್ಬೇಡಿ. ಅಷ್ಟು ಮಾಡಿದ್ರೆ ಸಾಕು."

ಅಂದೇ ನಮ್ಮವರು ಉಳಿದ ಕಾರ್ಡುಗಳನ್ನು ಎತ್ತಿ ಕಪಾಟಿನ ಮೇಲಿಟ್ಟರು. ನನ್ನ ಕೈಗೆ ಎಟುಕದ ಎತ್ತರ, ಅಳೆದೇ ಇಟ್ಟಿರಬೇಕು.

ಇಪ್ಪತ್ತು ದಿನ ಹೇಗೆ ಕಳೆದವೋ! ಮಗ ಒಂದು ಹೆಸರು ಹೇಳಿದರೆ ಸೊಸೆ ಬೇಡವೆನ್ನುವಳು. ಸೊಸೆ ಹೇಳಿದರೆ ಮಗ ಅಷ್ಟರಲ್ಲಿ ನಿದ್ದೆಹೋಗಿರುವನು. ಮಗುವನ್ನು ಒಬ್ಬರು "ಪುಟ್ಟಿ" ಎಂದರೆ ಇನ್ನೊಬ್ಬರು "ಗುಂಡಿ" ಎನ್ನುವರು. ನಾನು ಬಾಯಿಗೆ ಬೀಗ ಹಾಕಿಕೊಂಡು ಬಟ್ಟೆ ಮಡಿಸಿದೆ. ನನ್ನಷ್ಟು ಓದಿದ ಹೆಂಗಸು ಅಷ್ಟು ಚೆನ್ನಾಗಿ ಬಟ್ಟೆ ಮಡಿಸಬಲ್ಲಳೆಂದು ಯಾರೂ ಎಣಿಸಿರಲಿಲ್ಲ.

ತೊಂಬತ್ತನೆಯ ದಿನ ಬಂತು. ಹೆಸರಿಲ್ಲದೆಯೇ ಐವರೂ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತೆವು. ಕೌಂಟರಿನ ಹಿಂದೆ ಇದ್ದ ಗುಮಾಸ್ತೆ ಕಂಪ್ಯೂಟರಿನಲ್ಲಿ ಎಲ್ಲ ತುಂಬಿಸಿ, ಹೆಸರಿನ ಜಾಗ ಖಾಲಿ ಬಿಟ್ಟು, "ಸಾಕ್ಷಿ ಯಾರು? ಸಹಿ ಹಾಕಿ," ಎಂದಳು. ನಾನು ಸಹಿ ಹಾಕಿದೆ. ಅವಳು ಅದನ್ನು ಓದಿ ಕನ್ನಡಕ ಮೇಲೇರಿಸಿದಳು.

"ಅಯ್ಯೋ, ಈ ಹೆಸರು ಕೇಳಿ ಎಷ್ಟು ವರ್ಷ ಆಯ್ತು! ನಮ್ಮಜ್ಜಿ ಹೆಸರು ಇದು."

ನನ್ನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ನನ್ನ ವಯಸ್ಸಿನ ನಾಲ್ವರು ಹೆಂಗಸರು ಎಲ್ಲಾದರೂ ಕೂತಿದ್ದರೆ ಅವರಲ್ಲಿ ಇಬ್ಬರಿಗೆ ಅದೇ ಹೆಸರಿರುತ್ತದೆ. ಸವೆದ ಚಪ್ಪಲಿಯಂಥ ಹೆಸರು.

ಸೊಸೆ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ಮೇಡಂ, ಈ ಹೆಸರು ಈಗಿನ ಮಕ್ಕಳಿಗೆ ಎಷ್ಟಿದೆ, ಸ್ವಲ್ಪ ನೋಡ್ತೀರಾ?"

ಗುಮಾಸ್ತೆ ಟಪಟಪ ಒತ್ತಿದಳು. ಕಾದಳು. ಮತ್ತೆ ಒತ್ತಿದಳು.

"ಇಪ್ಪತ್ತಾರು ವರ್ಷದಿಂದ ಒಂದೂ ಇಲ್ಲ. ಯಾರು ಇಡ್ತಾರೆ ಹೇಳಿ?"

"ಏನು ಮಾತಾಡ್ತಿದ್ದೀಯ?" ಎಂದೆ ನಾನು ಸೊಸೆಗೆ. "ಸಾಮಾನ್ಯಕ್ಕಿಂತ ಸಾಮಾನ್ಯ ಹೆಸರು ಅದು! ನನ್ನ ಕಾಲೇಜಿನಲ್ಲಿ ಏಳು ಜನ ಇದ್ದೆವು. ಅದಕ್ಕೆ ಹುಟ್ಟು ಇಲ್ಲ, ಅರ್ಥ ಇಲ್ಲ. ನಮ್ಮಮ್ಮ ಪಕ್ಕದ ಮನೆ ಹುಡುಗಿಗಿದೆ ಅಂತ ನನಗಿಟ್ಟಳು!"

"ಆ ಏಳು ಜನ ಈಗೆಲ್ಲಿದ್ದಾರೆ ಅತ್ತೆ?"

ಎಣಿಸಿದೆ. ಐವರು ಹೋಗಿದ್ದಾರೆ. ಒಬ್ಬಳ ಸುದ್ದಿಯಿಲ್ಲ. "ನಾನಿದ್ದೇನೆ," ಎಂದೆ.

"ಬರ್ಕೊಳ್ಳಿ ಮೇಡಂ," ಎಂದಳು ಸೊಸೆ.

"ತಾಳು! ಒಂದು ಸಲ ಪರಿಶೀಲನೆ..."

"ಅತ್ತೆ."

ಮುದ್ರೆ ಬಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಹೆಸರಿಗೆ ಬಂದ ಗತಿ ಏನೆಂದು ಹೇಳಲಿ! ಇಷ್ಟು ವರ್ಷ "ಅತ್ತೆ" ಎಂಬುದರಾಚೆ ನಾಲಿಗೆ ಚಾಚದ ಸೊಸೆ ಈಗ ದಿನವಿಡೀ ನನ್ನ ಹೆಸರು ಹಿಡಿದು ಬೈಯುತ್ತಾಳೆ: ಮತ್ತೆ ಕಕ್ಕಿದೆಯಾ, ಎಷ್ಟು ಹಟವೇ ನಿಂದು, ಹಲ್ಲಿಲ್ಲದ ಬಾಯಿಗೆ ಎಷ್ಟು ಜೋರು! ಮಗನಂತೂ ತಾಯಿಯ ಹೆಸರು ಕೂಗಿ "ಮೊದ್ದು, ಮಲಕ್ಕೋ" ಎನ್ನುತ್ತಾನೆ. ಬೈಯುವಾಗ ಅವರ ಮುಖದಲ್ಲಿ ಕಾಣುವ ತೃಪ್ತಿ ಬರೀ ಮಗುವಿಗೆ ಸಂಬಂಧಿಸಿದ್ದಲ್ಲ ಎಂಬ ಅನುಮಾನ ನನಗಿದೆ. ಸಾಕ್ಷ್ಯ ಸಾಲದು.

ಕಳೆದ ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಕೂತು ಹಳೆಯ ಚೀಟಿಗಳನ್ನು ಜೋಡಿಸುತ್ತಿದ್ದೆ. ಹಜಾರದಿಂದ ಯಾರೋ ನನ್ನ ಹೆಸರು ಕರೆದರು. ನಮ್ಮವರ ದನಿ! ಮೆಲ್ಲಗೆ, ಎಳೆದು, ಕೊನೆಯ ಅಕ್ಷರದ ಮೇಲೆ ಒಂದಿಷ್ಟು ನಿಂತು. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಸುಳ್ಳು ಹೇಳಲಾರೆ, ಕನ್ನಡಕ ತೆಗೆದು ಕೂದಲು ಒಮ್ಮೆ ಸವರಿಕೊಂಡೇ ಎದ್ದೆ. ಮಂಡಿ ನೋವನ್ನೂ ಲೆಕ್ಕಿಸದೆ ಬಾಗಿಲಿಗೆ ಹೋಗಿ, "ಏನು?" ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು.

ಅವರು ತೊಟ್ಟಿಲಿನ ಮೇಲೆ ಬಗ್ಗಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು.

"ನಿನ್ನನ್ನಲ್ಲ," ಎಂದರು.

ತೊಟ್ಟಿಲಿನೊಳಗೆ ಮಗು ಗೋಡೆಯ ಕಡೆ ಮುಖ ಮಾಡಿ ಬೆರಳು ಚೀಪುತ್ತಿತ್ತು. ಅತ್ತಿತ್ತ ಅಲುಗಲಿಲ್ಲ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮೂರು ತಿಂಗಳಲ್ಲಿ ಅವಳು ಮೊದಲ ಬಾರಿಗೆ ಮನಸಾರೆ ನಕ್ಕಳು. ಅವಳ ಷರತ್ತನ್ನು ನಾನು ಅಕ್ಷರಶಃ ನೆರವೇರಿಸಿದ್ದೆ. ಕರೆದಾಗ ತಿರುಗಿದ್ದು ಒಂದೇ ತಲೆ. ಎಪ್ಪತ್ತೊಂದು ವರ್ಷದ್ದು, ನರೆತದ್ದು, ಆಗಷ್ಟೇ ಕೂದಲು ಸವರಿಕೊಂಡು ಬಂದದ್ದು.